ಮನೆ ಮಾರೋಕೆ ಮುಂಚೆ ಏನೇನು ಸರಿ ಮಾಡಿಸಬೇಕು, ಏನನ್ನ ಹಾಗೇ ಬಿಡಬಹುದು?

ಮಹಡಿಮನೆ
ಎಲ್ಲರಿಗೂ ನಮಸ್ಕಾರ. ಅಮ್ಮ ಇನ್ಮುಂದೆ ಅಕ್ಕನ ಜೊತೆ ಇರ್ತಾರೆ. ಅವರಿದ್ದ ಮನೆ ಮಾರೋದು ಅಂತ ಮನೆಯವರೆಲ್ಲ ಸೇರಿ ತೀರ್ಮಾನ ಮಾಡಿದ್ದೀವಿ. ಮನೆ ಗಟ್ಟಿಯಾಗಿದೆ, ಗಾಳಿ ಬೆಳಕು ಚೆನ್ನಾಗಿದೆ, ಆದರೆ ಹಳೇದು. ಬಾತ್‌ರೂಮ್ ನಲ್ಲಿಗಳು ಸೋರ್ತವೆ, ಎರಡು ಬಾಗಿಲು ಸರಿಯಾಗಿ ಮುಚ್ಚಲ್ಲ, ಹಿಂದಿನ ರೂಮಿನ ಒಂದು ಗೋಡೆ ಕೆಳಗಡೆ ತೇವ ಹಿಡಿದು ಬಣ್ಣ ಉಬ್ಬಿದೆ. ಅಟ್ಟದ ತುಂಬಾ ಸಾಮಾನು.

ತಮ್ಮ ಹೇಳೋದು, ಇಡೀ ಮನೆಗೆ ಒಂದು ಕೋಟ್ ಬಣ್ಣ ಹೊಡೆಸಿಬಿಟ್ರೆ ಆಯ್ತು ಅಂತ. ಬ್ರೋಕರ್ ಹೇಳೋದು, ಏನೂ ಮಾಡಿಸ್ಬೇಡಿ, ಇದ್ದ ಹಾಗೇ ತೋರಿಸೋಣ ಅಂತ. ಅಕ್ಕನಿಗೆ ಅಡುಗೆಮನೆ ಪೂರ್ತಿ ಹೊಸದು ಮಾಡಿಸಿ ಒಳ್ಳೆ ರೇಟಿಗೆ ಮಾರೋ ಆಸೆ. ಕೈಯಲ್ಲಿ ಸುಮಾರು ಎರಡು ತಿಂಗಳಿದೆ. ಖರ್ಚು ಮಾಡೋಕೆ ಸ್ವಲ್ಪ ದುಡ್ಡೂ ಇದೆ, ಆದರೆ ಎಲ್ಲದಕ್ಕೂ ಸಾಲಲ್ಲ. ನೀವಾಗಿದ್ರೆ ಮೊದಲು ಯಾವುದಕ್ಕೆ ಕೈ ಹಾಕ್ತಿದ್ರಿ?

ಗೋಡೆಗಡಿಯಾರ
ಅಡುಗೆಮನೆ ಮುಟ್ಟಬೇಡಿ. ತಗೊಳ್ಳೋರು ಅದನ್ನ ತಮ್ಮ ರುಚಿಗೆ ಒಡೆದು ಕಟ್ಟಿಸ್ಕೋತಾರೆ. ನಿಮ್ಮ ಖರ್ಚು ಅವರ ಲೆಕ್ಕಕ್ಕೆ ಬರಲ್ಲ.

ಬೆಳಕಿಂಡಿ
ಅಡುಗೆಮನೆ ವಿಷಯ ಒಪ್ಪಿದೆ. ಆದರೆ ಅಲ್ಲಿನ ಕಪಾಟಿನ ಹಿಡಿಗಳು ಸಡಿಲ ಇದ್ರೆ ಬಿಗಿ ಮಾಡಿಸಿ, ಚಿಮಣಿ ಜಿಡ್ಡು ತೆಗೆಸಿ, ಸಿಂಕ್ ಸುತ್ತ ಕಪ್ಪಾದ ಸಿಲಿಕೋನ್ ಕಿತ್ತು ಹೊಸದು ಹಾಕಿಸಿ. ಇಷ್ಟಕ್ಕೆ ಒಂದು ದಿನ ಸಾಕು. ನೋಡಕ್ಕೆ ಬಂದವರು ಕಪಾಟಿನ ಬಾಗಿಲು ತೆಗೆದೇ ತೆಗೀತಾರೆ, ಕೈಗೆ ಜಿಡ್ಡು ಅಂಟಿದ್ರೆ ಅಲ್ಲಿಗೆ ಮುಗೀತು.

ಮೇಸ್ತ್ರಿಮಗ
ಸರ್, ಬೇರೆ ಎಲ್ಲಾ ಆಮೇಲೆ. ಮೊದಲು ಆ ತೇವದ ಗೋಡೆ. ಉಬ್ಬಿರೋದು ನೆಲದಿಂದ ಎಷ್ಟು ಎತ್ತರದವರೆಗೆ? ಬಿಳಿ ಪುಡಿ ತರ ಉದುರ್ತಾ ಇದೆಯಾ? ಆ ಗೋಡೆ ಆಚೆ ಕಡೆ ಏನಿದೆ, ಬಾತ್‌ರೂಮಾ, ಖಾಲಿ ಜಾಗವಾ?

ಮಹಡಿಮನೆ
ಮೊಣಕಾಲಿಗಿಂತ ಸ್ವಲ್ಪ ಮೇಲೆ ತನಕ ಬಂದಿದೆ. ಹೌದು, ಬಿಳಿ ಪುಡಿ ಉದುರುತ್ತೆ. ಆಚೆ ಕಡೆ ಖಾಲಿ ಜಾಗ, ಅಲ್ಲಿ ಹೂಕುಂಡ ಇಟ್ಟಿದ್ವಿ. ಮಹಡಿಯಿಂದ ಮಳೆನೀರು ಇಳಿಯೋ ಪೈಪೂ ಅಲ್ಲೇ ಇದೆ.

ಮೇಸ್ತ್ರಿಮಗ
ಹಾಗಾದ್ರೆ ಕೇಳಿ. ಆ ಬಿಳಿ ಪುಡಿ ಅಂದ್ರೆ ಉಪ್ಪು. ಇಟ್ಟಿಗೆ, ಗಾರೆ, ಮಣ್ಣಿನಲ್ಲಿರೋ ಲವಣಗಳು ನೀರಲ್ಲಿ ಕರಗಿ ಗೋಡೆ ಮೇಲ್ಮೈಗೆ ಬರ್ತವೆ. ನೀರು ಆರಿ ಹೋಗುತ್ತೆ, ಉಪ್ಪು ಅಲ್ಲೇ ಹರಳುಗಟ್ಟುತ್ತೆ. ಹರಳು ಬೆಳೆಯೋವಾಗ ಬಣ್ಣ, ಪುಟ್ಟಿ, ಗಿಲಾವು ಎಲ್ಲಾನೂ ಹೊರಗೆ ತಳ್ಳುತ್ತೆ. ಅದಕ್ಕೇ ಉಬ್ಬೋದು. ಇದರ ಮೇಲೆ ಎಂಥಾ ದುಬಾರಿ ಬಣ್ಣ ಹೊಡೆಸಿದ್ರೂ ಮತ್ತೆ ಏಳುತ್ತೆ, ಯಾಕಂದ್ರೆ ನೀರು ಬರೋ ದಾರಿ ನೀವು ಮುಚ್ಚಿಲ್ಲ.

ಮೊದಲು ಆಚೆ ಕಡೆ ನೋಡಿ. ಮಳೆನೀರು ಪೈಪ್ ಬುಡದಲ್ಲಿ ಬಿರುಕಿದೆಯಾ, ನೀರು ಗೋಡೆ ಪಕ್ಕದಲ್ಲೇ ನಿಲ್ಲುತ್ತಾ? ಹೂಕುಂಡಗಳನ್ನ ಇವತ್ತೇ ತೆಗೀರಿ. ಹೊರಗಿನ ಮಣ್ಣಿನ ಮಟ್ಟ ಒಳಗಿನ ನೆಲಕ್ಕಿಂತ ಮೇಲೆ ಬಂದಿದ್ರೆ ಅಗೆದು ಇಳಿಸಿ, ನೀರು ಗೋಡೆಯಿಂದ ದೂರ ಹರಿಯೋ ಹಾಗೆ ಇಳಿಜಾರು ಮಾಡಿಸಿ. ನಾನು ನೋಡಿರೋ ತೇವದ ಗೋಡೆಗಳಲ್ಲಿ ಬಹುಪಾಲು ಇಷ್ಟರಲ್ಲೇ ತಹಬಂದಿಗೆ ಬಂದಿವೆ.

ಆಮೇಲೆ ಉಬ್ಬಿದ ಗಿಲಾವನ್ನ, ತೇವ ಇರೋ ಗುರುತಿಗಿಂತ ಒಂದಡಿ ಮೇಲಿನವರೆಗೆ ಕೆತ್ತಿಸಿ ಇಟ್ಟಿಗೆ ಕಾಣೋ ಹಾಗೆ ಬಿಡಿ. ಉಪ್ಪನ್ನ ಒಣ ಬ್ರಷ್‌ನಿಂದ ಉಜ್ಜಿ ಗುಡಿಸಿ, ನೀರು ಹಾಕಿ ತೊಳೆಯಬೇಡಿ. ತೊಳೆದ್ರೆ ಉಪ್ಪು ಕರಗಿ ಮತ್ತೆ ಒಳಗೇ ಹೋಗುತ್ತೆ.

ತಮ್ಮನಪಕ್ಷ
ಇದೆಲ್ಲಾ ಮಾಡ್ತಾ ಕೂತ್ರೆ ಮನೆ ಯಾವಾಗ ಮಾರೋದು ಗುರು? ವಾಟರ್‌ಪ್ರೂಫ್ ಬಣ್ಣ ಅಂತ ಬರುತ್ತೆ, ಎರಡು ಕೋಟ್ ಹೊಡಿ, ಮುಂದೆ ಒಂದು ಬೀರು ಇಡು. ಎಲ್ಲರೂ ಮಾಡೋದು ಇದನ್ನೇ. ನೋಡಿ ತಗೊಳ್ಳೋದು ತಗೊಳ್ಳೋನ ಜವಾಬ್ದಾರಿ.

ಮೇಸ್ತ್ರಿಮಗ
ತೇವದ ಗೋಡೆಗೆ ಒಳಗಡೆಯಿಂದ ನೀರು ಬಿಡದ ಬಣ್ಣ ಹೊಡೆದ್ರೆ ತೇವ ಒಣಗಲ್ಲ, ಮೇಲಕ್ಕೆ ಹತ್ತುತ್ತೆ. ಮೊಣಕಾಲಿನ ಹತ್ರ ಇದ್ದದ್ದು ಸೊಂಟದ ಮಟ್ಟಕ್ಕೆ ಬರುತ್ತೆ. ಇದನ್ನ ಕಣ್ಣಾರೆ ನೋಡಿದೀನಿ.

ಕೀಲಿಕೈ
@ತಮ್ಮನಪಕ್ಷ ಎಲ್ಲರೂ ಮಾಡ್ತಾರೆ ಅನ್ನೋದನ್ನ ನಾನು ಒಪ್ಪಲ್ಲ. ನೋಡದೇ ಬಿಟ್ಟದ್ದು ಬೇರೆ, ಗೊತ್ತಿದ್ದೂ ಬೇಕಂತ ಮರೆಮಾಡಿದ್ದು ಬೇರೆ. ಎರಡನೆಯದು ಬಹಳಷ್ಟು ದೇಶಗಳ ಕಾನೂನಿನಲ್ಲಿ ವಂಚನೆ ಅನ್ನಿಸ್ಕೊಳ್ಳುತ್ತೆ, ಮಾರಿ ದುಡ್ಡು ಎಣಿಸಿಕೊಂಡ ಮೇಲೂ ಬೆನ್ನು ಬಿಡಲ್ಲ. ಕಾನೂನು ಪಕ್ಕಕ್ಕಿಡಿ. ಒಬ್ಬರು ಜೀವಮಾನದ ಉಳಿತಾಯ ಸುರಿದು ನಿಮ್ಮ ಮನೆ ತಗೋತಾರೆ, ಮೊದಲನೇ ಮಳೆಗಾಲದಲ್ಲೇ ಬೀರು ಹಿಂದಿನ ಗೋಡೆ ಉದುರೋಕೆ ಶುರುವಾಗುತ್ತೆ. ಅವರ ಜಾಗದಲ್ಲಿ ನಿಂತು ನೋಡಿ.

ಬಾಡಿಗೆದಾರ
ಹೋದ ವರ್ಷ ನಾವು ಮನೆ ನೋಡ್ತಾ ಇದ್ವಿ. ಎಲ್ಲಾ ಗೋಡೆಗೂ ಹಳೇ ಬಣ್ಣ, ಒಂದಕ್ಕೆ ಮಾತ್ರ ಹೊಸ ಬಣ್ಣ ಇತ್ತು ಅಂದ್ರೆ ನಮ್ಮ ಮಾವ ಸೀದಾ ಹೋಗಿ ಆ ಗೋಡೆಗೇ ಅಂಗೈ ಇಡ್ತಿದ್ರು. ತಣ್ಣಗಿದ್ರೆ "ನಡೀರಿ" ಅಂತಿದ್ರು, ಅಷ್ಟೇ. ಬೇರೆ ರೂಮೂ ನೋಡ್ತಿರಲಿಲ್ಲ.

ಅರ್ಥಮೀಮಾಂಸೆ
ನಿಮ್ಮ ಮಾವ ಮಾಡಿದ್ದರಲ್ಲಿ ದೊಡ್ಡ ತತ್ವವೇ ಇದೆ. ಜಾರ್ಜ್ ಅಕರ್ಲಾಫ್ ಅನ್ನೋ ಅರ್ಥಶಾಸ್ತ್ರಜ್ಞರು 1970ರಲ್ಲಿ ಹಳೇ ಕಾರುಗಳ ಮಾರುಕಟ್ಟೆ ಇಟ್ಕೊಂಡು ಇದನ್ನ ವಿವರಿಸಿದ್ರು. ಮಾರೋನಿಗೆ ವಸ್ತುವಿನ ದೋಷ ಗೊತ್ತು, ಕೊಳ್ಳೋನಿಗೆ ಗೊತ್ತಿಲ್ಲ. ಆಗ ಕೊಳ್ಳೋನು ಪ್ರತಿಯೊಂದನ್ನೂ ಅನುಮಾನದಿಂದಲೇ ನೋಡಿ ಕಮ್ಮಿ ರೇಟು ಕೇಳ್ತಾನೆ, ಅದರಿಂದ ಒಳ್ಳೆ ವಸ್ತು ಇಟ್ಟವನಿಗೂ ಪೆಟ್ಟು ಬೀಳುತ್ತೆ. ಈ ಕೆಲಸಕ್ಕಾಗಿಯೇ 2001ರಲ್ಲಿ ಇನ್ನಿಬ್ಬರ ಜೊತೆ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು.

ನಿಮ್ಮ ಮನೆಗೆ ಇದನ್ನ ಹೊಂದಿಸಿ ನೋಡಿ. ಒಂದು ಗೋಡೆ ಮುಚ್ಚಿಟ್ಟಿದ್ದೀರಿ ಅಂತ ಗೊತ್ತಾದ ಕೂಡಲೇ ಬಂದವರು ಆ ಗೋಡೆಯ ರಿಪೇರಿ ಖರ್ಚನ್ನ ಮಾತ್ರ ಕಳೆಯಲ್ಲ. ವೈರಿಂಗ್, ಪೈಪು, ತಾರಸಿ ಎಲ್ಲದರಲ್ಲೂ ಏನೋ ಇದೆ ಅಂತ ಲೆಕ್ಕ ಹಾಕ್ತಾರೆ. ನೀವೇ ಮೊದಲು ಬಾಯಿಬಿಟ್ಟು ಹೇಳಿದ್ರೆ ಆ ಗೋಡೆ ಬರೀ ಒಂದು ಗೋಡೆಯ ಖರ್ಚಾಗಿ ಉಳಿಯುತ್ತೆ.

ತಮ್ಮನಪಕ್ಷ
ಪುಸ್ತಕದ ಮಾತು ಚೆನ್ನಾಗಿರುತ್ತೆ. ಗಿಲಾವು ಕೆತ್ತಿದ ಗೋಡೆ ತೋರಿಸಿದ್ರೆ ಯಾವ ಪಾರ್ಟಿ ನಿಲ್ಲುತ್ತೆ ಹೇಳಿ?

ಹಿತ್ತಲಗಿಡ
ನಿಂತಿದ್ದಾರ್ರಿ. ನಮ್ಮ ಚಿಕ್ಕಪ್ಪಾರ ಮನಿ ಹಂಗ ಮಾರಿದ್ವಿ. ಗ್ವಾಡಿ ಕೆತ್ತಿ ಬಿಟ್ಟಿದ್ವಿ, ಹೊರಗ ಪೈಪ್ ಬದಲಿ ಮಾಡಿದ್ದ ಬಿಲ್ಲು, ಮೊದಲಿನ ಫೋಟೋ ಎಲ್ಲಾ ಒಂದು ಫೈಲಿನಾಗ ಇಟ್ಟಿದ್ವಿ. ಬಂದೋರ ಕೈಯಾಗ ಫೈಲ್ ಕೊಡೂದು, ಹಿಂಗಿತ್ತು, ಹಿಂಗ ಮಾಡೇವಿ, ಒಣಗಲಿಕ್ಕೆ ಬಿಟ್ಟೇವಿ ಅಂತ ಹೇಳೂದು. ಇಬ್ಬರು ಮೂವರು ವಾಪಸ್ ಹೋದ್ರು ಖರೆ. ಆದ್ರ ತಗೊಂಡವ್ರು ಹೇಳಿದ್ದು, ಇಷ್ಟು ಬಿಚ್ಚಿ ತೋರಿಸೋರು ಉಳಿದದ್ದು ಮುಚ್ಚಿಡಂಗಿಲ್ಲ ಅಂತ. ಚೌಕಾಸಿನೂ ಜಾಸ್ತಿ ಮಾಡಲಿಲ್ಲ.

ಮೇಸ್ತ್ರಿಮಗ
ಅದೇ ಸರಿಯಾದ ದಾರಿ. ಇನ್ನೊಂದು ವಿಷಯ, ಇಟ್ಟಿಗೆ ಗೋಡೆ ಒಣಗೋಕೆ ಟೈಮ್ ಬೇಕು. ತಿಂಗಳಿಗೆ ಸುಮಾರು 25 ಮಿ.ಮೀ. ದಪ್ಪ ಒಣಗುತ್ತೆ ಅನ್ನೋದು ಕಟ್ಟಡದವರು ಹಾಕೋ ಅಂದಾಜು. ಹವೆ ಮೇಲೆ ಹೆಚ್ಚುಕಮ್ಮಿ ಆಗುತ್ತೆ. ಹಾಗಾಗಿ ಎರಡು ತಿಂಗಳಲ್ಲಿ ಪೂರ್ತಿ ಒಣಗಿಸಿ, ಗಿಲಾವು ಮಾಡಿ, ಬಣ್ಣ ಹೊಡೆಸೋದು ಕಷ್ಟ. ಅವಸರ ಮಾಡಿ ಮುಚ್ಚೋದಕ್ಕಿಂತ ತೆರೆದೇ ಇಡಿ, ಗಿಲಾವಿಗೆ ಎಷ್ಟಾಗುತ್ತೆ ಅಂತ ಒಬ್ಬರ ಹತ್ರ ಕೊಟೇಷನ್ ಬರೆಸಿಟ್ಟುಕೊಳ್ಳಿ.

ನಲ್ಲಿನೀರು
ಗಿಲಾವು ಕೀಳೋ ಮೊದಲು ಒಂದು ಪರೀಕ್ಷೆ ಮಾಡಿ. ಗೋಡೆಯ ಒಣಗಿದ ಹಾಗೆ ಕಾಣೋ ಜಾಗದಲ್ಲಿ ಒಂದು ಪ್ಲಾಸ್ಟಿಕ್ ಹಾಳೆಯನ್ನ ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ, ಒಂದೆರಡು ದಿನ ಬಿಡಿ. ಹಾಳೆಯ ಹಿಂದೆ, ಗೋಡೆ ಕಡೆ ಹನಿ ನಿಂತಿದ್ರೆ ನೀರು ಗೋಡೆಯೊಳಗಿಂದ ಬರ್ತಿದೆ. ನಮ್ಮ ಕಡೆ, ಮೇಲ್ಗಡೆ ಹನಿ ಇದ್ರೆ ರೂಮಿನ ಗಾಳಿಯ ತೇವ ತಣ್ಣನೆ ಗೋಡೆಗೆ ತಾಗಿ ನೀರಾಗ್ತಿದೆ. ಎರಡನೆಯದಕ್ಕೆ ಕಿಟಕಿ ತೆಗೆದಿಡೋದು, ಎಕ್ಸಾಸ್ಟ್ ಫ್ಯಾನ್ ಹಾಕಿಸೋದು ಔಷಧಿ, ಕೆತ್ತೋದಲ್ಲ.

ಫ್ಲಶ್ ಟ್ಯಾಂಕೂ ಪರೀಕ್ಷೆ ಮಾಡಿ. ಟ್ಯಾಂಕಿಗೆ ಸ್ವಲ್ಪ ಅಡುಗೆ ಬಣ್ಣ ಹಾಕಿ ಅರ್ಧ ಗಂಟೆ ಫ್ಲಶ್ ಮಾಡದೇ ಬಿಡಿ. ಕೆಳಗೆ ಕಮೋಡಿನಲ್ಲಿ ಬಣ್ಣ ಕಾಣಿಸಿದ್ರೆ ಒಳಗಿನ ರಬ್ಬರ್ ಹೋಗಿದೆ. ಅದನ್ನ ಬದಲಾಯಿಸೋದು ಬಲು ಸುಲಭ. ನಲ್ಲಿ ಸೋರಿಕೆಗೂ ಮೊದಲು ವಾಷರ್ ಹಾಕಿಸಿ ನೋಡಿ, ನಲ್ಲಿನೇ ಬದಲಾಯಿಸೋಕೆ ಹೋಗ್ಬೇಡಿ.

ಮಹಡಿಮನೆ
ಇದು ಉಪಯೋಗದ ಮಾತು, ಧನ್ಯವಾದ ಸರ್. ಒಂದು ಅನುಮಾನ. ಅಮ್ಮ ಹೋದ ಮೇಲೆ ಮನೆ ಖಾಲಿ ಇದೆ. ಮೊನ್ನೆ ಬಾಗಿಲು ತೆಗೆದಾಗ ಚರಂಡಿ ವಾಸನೆ. ಅಮ್ಮ ಇದ್ದಾಗ ಇರಲೇ ಇಲ್ಲ.

ನಲ್ಲಿನೀರು
ಅದಕ್ಕೆ ಭಯ ಬೇಡ. ಸಿಂಕ್ ಕೆಳಗೆ, ಬಾತ್‌ರೂಮ್ ನೆಲದ ಜಾಲರಿ ಕೆಳಗೆ ಪೈಪು ಬಾಗಿರುತ್ತಲ್ಲ, ಆ ಬಾಗಿನಲ್ಲಿ ನಿಂತ ನೀರೇ ಚರಂಡಿ ಗಾಳಿ ಮೇಲೆ ಬರದ ಹಾಗೆ ತಡೆಯೋದು. ಮನೆ ಖಾಲಿ ಬಿಟ್ಟರೆ ಆ ನೀರು ಆವಿಯಾಗಿ ದಾರಿ ತೆರೆದುಕೊಳ್ಳುತ್ತೆ. ವಾರಕ್ಕೊಮ್ಮೆ ಪ್ರತಿಯೊಂದು ಜಾಲರಿಗೂ ಒಂದು ಚೊಂಬು ನೀರು ಹಾಕಿ. ಬಹಳ ದಿನ ಹೋಗೋಕಾಗಲ್ಲ ಅಂದ್ರೆ ನೀರಿನ ಮೇಲೆ ಒಂದೆರಡು ಚಮಚ ಅಡುಗೆ ಎಣ್ಣೆ ಬಿಡಿ, ಎಣ್ಣೆ ಪದರ ಆವಿಯಾಗೋದನ್ನ ನಿಧಾನ ಮಾಡುತ್ತೆ.

ಗೋಡೆಗಡಿಯಾರ
ವಾಹ್, ಇದು ಗೊತ್ತಿರಲಿಲ್ಲ.

ಬೆಕ್ಕಿನಮನೆ
ವಾಸನೆ ಮಾತು ಬಂತಲ್ಲ, ನಮ್ಮನೇಲಿ ಬೆಕ್ಕುಗಳಿವೆ. ನಾವೂ ಮುಂದಿನ ವರ್ಷ ಮಾರೋ ಯೋಚನೆಯಲ್ಲಿದ್ದೀವಿ. ನಮಗೇನೂ ವಾಸನೆ ಬರಲ್ಲ, ಬಂದ ನೆಂಟರು ಮಾತ್ರ ಮೂಗು ಮುಚ್ಕೋತಾರೆ. ರೂಮ್ ಫ್ರೆಶ್ನರ್ ಹೊಡೆದ್ರೆ ಸಾಕಾ?

ಬೆಳಕಿಂಡಿ
ಫ್ರೆಶ್ನರ್ ಹೊಡೆದಷ್ಟೂ ಅನುಮಾನ ಜಾಸ್ತಿ ರೀ, ಏನು ಮುಚ್ಚಿಡ್ತಿದಾರೆ ಅಂತ. ಒಂದೇ ವಾಸನೆಯಲ್ಲಿ ಇದ್ದೂ ಇದ್ದೂ ಮೂಗು ಅದನ್ನ ಗುರುತಿಸೋದೇ ಬಿಟ್ಟುಬಿಡುತ್ತೆ, ಎಲ್ಲರಿಗೂ ಹಾಗೇ ಆಗೋದು. ಹೊರಗಿನವರೊಬ್ಬರನ್ನ ಕರೆದು ಕೇಳೋದೇ ದಾರಿ. ಬೆಕ್ಕಿನ ಉಚ್ಚೆಯಲ್ಲಿರೋ ಯೂರಿಕ್ ಆಮ್ಲ ಹರಳಾಗಿ ಉಳ್ಕೊಳ್ಳುತ್ತೆ, ಬರೀ ನೀರು ಸೋಪಿಗೆ ಹೋಗಲ್ಲ. ಕಿಣ್ವ ಇರೋ ಕ್ಲೀನರ್ ಸಾಕುಪ್ರಾಣಿಗಳ ಅಂಗಡಿಯಲ್ಲಿ ಸಿಗುತ್ತೆ, ಅದನ್ನ ಹಾಕಿ ಹೇಳಿದಷ್ಟು ಹೊತ್ತು ನೆನೆಯೋಕೆ ಬಿಡಿ. ಪರದೆ, ಹಾಸಿಗೆ, ಸೋಫಾ ಬಟ್ಟೆ ಎಲ್ಲಾ ಒಗೆಸಿ, ವಾಸನೆ ಬಟ್ಟೆಯಲ್ಲೇ ಹೆಚ್ಚು ಹಿಡಿದಿರುತ್ತೆ.

ಕೀಲಿಕೈ
ತೊಳೆಯೋ ಅವಸರದಲ್ಲಿ ಬ್ಲೀಚ್ ಜೊತೆ ಆಸಿಡ್ ಆಗಲಿ ಅಮೋನಿಯಾ ಇರೋ ಕ್ಲೀನರ್ ಆಗಲಿ ದಯವಿಟ್ಟು ಬೆರೆಸಬೇಡಿ. ಮೊದಲನೆಯದರಿಂದ ಕ್ಲೋರಿನ್, ಎರಡನೆಯದರಿಂದ ಕ್ಲೋರಮೈನ್ ಅನಿಲ ಬರುತ್ತೆ, ಎರಡೂ ಶ್ವಾಸಕೋಶಕ್ಕೆ ಅಪಾಯ. ಅಮೃತಶಿಲೆ ನೆಲ ಇರೋರು ವಿನೆಗರ್, ನಿಂಬೆರಸ ಕೂಡ ಹಾಕಬಾರದು. ಕಲ್ಲಿನಲ್ಲಿರೋ ಕ್ಯಾಲ್ಸಿಯಂ ಕಾರ್ಬೊನೇಟನ್ನ ಆಮ್ಲ ತಿನ್ನುತ್ತೆ, ಹೊಳಪು ಹೋಗಿ ಮಂಕು ಕಲೆ ಉಳಿಯುತ್ತೆ.

ಅಕ್ಕನಮಾತು
ಯಾರೂ ಸಾಮಾನಿನ ಬಗ್ಗೆ ಮಾತೇ ಎತ್ತಲಿಲ್ಲ! ನನ್ನ ಪ್ರಕಾರ ಖರ್ಚಿಲ್ಲದೇ ಅತಿ ಹೆಚ್ಚು ಫಲ ಕೊಡೋ ಕೆಲಸ ಅದೇ. ಅರ್ಧ ಪೀಠೋಪಕರಣ ಹೊರಗೆ ಹಾಕಿ. ಗೋಡೆ ನೆಲ ಸೇರೋ ಅಂಚು ಕಣ್ಣಿಗೆ ಕಂಡಷ್ಟೂ ರೂಮು ದೊಡ್ಡದು ಅನಿಸುತ್ತೆ. ಕಪಾಟುಗಳನ್ನೂ ಅರ್ಧ ಖಾಲಿ ಮಾಡಿ. ತುಂಬಿ ತುಳುಕೋ ಕಪಾಟು ನೋಡಿದ್ರೆ, ಇವರಿಗೇ ಜಾಗ ಸಾಲಲಿಲ್ಲ ಇನ್ನು ನಮಗೆಲ್ಲಿ ಸಾಲುತ್ತೆ ಅಂತಾರೆ.

ಒಂದು ಮಾತು ಮಾತ್ರ ನೆನಪಿಡಿ. ಅದು ಅಮ್ಮನ ಸಾಮಾನು. ಅವರನ್ನ ಬಿಟ್ಟು ಮೂಟೆ ಕಟ್ಟಬೇಡಿ. ನಮ್ಮತ್ತೆ ಮನೆ ಖಾಲಿ ಮಾಡುವಾಗ ನಾದಿನಿ ಅವಸರದಲ್ಲಿ ಹಳೇ ಕಾಗದ ಪತ್ರ ಎಲ್ಲಾ ಗುಜರಿಗೆ ಹಾಕಿದ್ರು. ಮಾವ ಬರೆದ ಕಾಗದಗಳು ಅದರಲ್ಲೇ ಇದ್ದವು. ಅತ್ತೆ ಇವತ್ತಿಗೂ ಅದನ್ನ ಹೇಳ್ಕೊಂಡು ಅಳ್ತಾರೆ. ದಿನಕ್ಕೆ ಒಂದು ಕಪಾಟು ಅಂತ ಇಟ್ಕೊಳ್ಳಿ, ಅಮ್ಮನ್ನ ಕುರ್ಚಿ ಹಾಕಿ ಪಕ್ಕದಲ್ಲಿ ಕೂರಿಸಿ, ಅವರು ಇಡಿ ಅಂದಿದ್ದನ್ನ ಎರಡು ಮಾತಿಲ್ಲದೇ ಇಡಿ.

ಮಹಡಿಮನೆ
ಅಕ್ಕಾ, ಇದನ್ನ ಓದಿ ತಮ್ಮನಿಗೂ ಕಳಿಸಿದೆ. ಶನಿವಾರ ಅಟ್ಟಕ್ಕೆ ಕೈ ಹಾಕೋ ಪ್ಲಾನ್ ಇತ್ತು. ಅಮ್ಮನ್ನ ಕರೆದುಕೊಂಡೇ ಹೋಗ್ತೀವಿ.

ಬಾಡಿಗೆದಾರ
ಗೋಡೆ ಮೇಲಿನ ಮನೆಮಂದಿ ಫೋಟೋ ಎಲ್ಲಾ ತೆಗೀಬೇಕು ಅಂತಾರಲ್ಲ, ಅದು ನಂಗ್ಯಾಕೋ ಸರಿ ಅನಿಸಲ್ಲ. ಜನ ಬಾಳಿದ ಮನೆ ಅಂತ ಕಂಡ್ರೆ ತಪ್ಪೇನು? ಎಲ್ಲಾ ತೆಗೆದಿಟ್ಟ ಮನೆ ಹೋಟೆಲ್ ರೂಮಿನ ತರ ಕಾಣುತ್ತೆ.

ಅಕ್ಕನಮಾತು
ಒಂದೆರಡು ಇರಲಿ, ತಪ್ಪಿಲ್ಲ. ಗೋಡೆ ತುಂಬಾ ಇದ್ರೆ ಬಂದವರು ಫೋಟೋ ನೋಡ್ತಾ ನಿಲ್ತಾರೆ, ಮನೆ ನೋಡಲ್ಲ.

ಕೀಲಿಕೈ
ನನಗೆ ಅದಕ್ಕಿಂತ ಮುಖ್ಯ ಅನಿಸೋದು ಜೋಪಾನ. ನೋಡಕ್ಕೆ ಬರೋರು ಅಪರಿಚಿತರು. ಮಕ್ಕಳ ಫೋಟೋ, ಶಾಲೆ ಹೆಸರಿರೋ ಪ್ರಶಸ್ತಿ, ಔಷಧಿ, ಒಡವೆ, ಬ್ಯಾಂಕ್ ಕಾಗದ, ಮೊಳೆಗೆ ನೇತುಹಾಕಿದ ಬೀಗದ ಕೈ, ಯಾರು ಯಾವತ್ತು ಊರಲ್ಲಿಲ್ಲ ಅಂತ ಗುರುತು ಹಾಕಿದ ಕ್ಯಾಲೆಂಡರ್, ಇವೆಲ್ಲಾ ತೆಗೆದಿಡಿ. ಜಾಹೀರಾತಿಗೆ ತೆಗೆಯೋ ಫೋಟೋದಲ್ಲೂ ಇವು ಬರಬಾರದು.

ಕ್ಯಾಮೆರಾಕಣ್ಣು
ಫೋಟೋ ಅಂದ ಕೂಡಲೇ ಬಂದೆ. ಬ್ರೋಕರ್ ಫೋನಿನಲ್ಲಿ ಕ್ಲಿಕ್ಕಿಸಿದ್ದಕ್ಕೆ ಒಪ್ಪಬೇಡಿ, ನೀವೇ ತೆಗೀರಿ. ಫೋನಿನ ಅಲ್ಟ್ರಾವೈಡ್ ಬೇಡವೇ ಬೇಡ. ಅದರಲ್ಲಿ ರೂಮು ಮೈದಾನದಷ್ಟು ಕಾಣುತ್ತೆ, ಬಂದು ನೋಡಿದವರಿಗೆ ಮೋಸ ಹೋದ ಹಾಗಾಗುತ್ತೆ. ಮಾಮೂಲಿ 1x ಕ್ಯಾಮೆರಾ ಸಾಕು. ಬಾಗಿಲ ಮೂಲೆಯಲ್ಲಿ ನಿಂತು, ಫೋನನ್ನ ಎದೆಮಟ್ಟದಲ್ಲಿ ನೆಟ್ಟಗೆ ಹಿಡೀರಿ. ಮೇಲಕ್ಕೋ ಕೆಳಕ್ಕೋ ವಾಲಿಸಿದ್ರೆ ಗೋಡೆಗಳು ಬೀಳೋ ಹಾಗೆ ಕಾಣ್ತವೆ.

ಬಲ್ಬಿನ ಬಣ್ಣ ನೋಡಿಕೊಳ್ಳಿ. ಒಂದೇ ರೂಮಲ್ಲಿ ಒಂದು ಹಳದಿ, ಒಂದು ಬಿಳಿ ಇದ್ರೆ ಗೋಡೆ ಬಣ್ಣ ಫೋಟೋದಲ್ಲಿ ಕಲೆ ಕಲೆ ಆಗುತ್ತೆ. ಬಲ್ಬ್ ಡಬ್ಬಿ ಮೇಲೆ ಕೆಲ್ವಿನ್ ಅಂತ ಇರುತ್ತೆ, 2700ರಿಂದ 3000 ಅಂದ್ರೆ ಬೆಚ್ಚನೆ ಹಳದಿ, 6500 ಅಂದ್ರೆ ನೀಲಿ ಛಾಯೆಯ ಬಿಳಿ. ಮಲಗೋ ಕೋಣೆಗೆ ಮೊದಲನೆಯದು, ಅಡುಗೆಮನೆಗೆ 4000 ಆಸುಪಾಸು. ಒಂದು ರೂಮಿಗೆ ಒಂದೇ ಜಾತಿ. ಮುಖ್ಯವಾಗಿ ಕಿಟಕಿ ಗಾಜು ತೊಳೀರಿ!

ತಮ್ಮನಪಕ್ಷ
ಸರಿ, ಗೋಡೆ ವಿಷಯ ಬಿಟ್ಟೆ. ಆದರೆ ಉಳಿದ ಮನೆಗೆ ಬಣ್ಣ ಹೊಡೆಸೋದು ತಪ್ಪಲ್ಲ ತಾನೇ? ಅದಕ್ಕೂ ಬೇಡ ಅಂತೀರಾ?

ಮೇಸ್ತ್ರಿಮಗ
ಖಂಡಿತ ಹೊಡೆಸಿ, ಅದರಲ್ಲಿ ನಿಮ್ಮ ಮಾತಿಗೆ ನನ್ನ ಮತ. ತಿಳಿ ಬಣ್ಣ ಇರಲಿ. ಕೂದಲೆಳೆಯಂಥ ಬಿರುಕು, 1 ಮಿ.ಮೀ. ಒಳಗಿನದು, ಸಾಮಾನ್ಯವಾಗಿ ಗಿಲಾವಿನದ್ದೇ, ಪುಟ್ಟಿ ತುಂಬಿದ್ರೆ ಆಯ್ತು. ಆದರೆ ಮೆಟ್ಟಿಲು ಮೆಟ್ಟಿಲಾಗಿ ಓಡೋ ಬಿರುಕು, ಕಿಟಕಿ ಮೂಲೆಯಿಂದ ಓರೆಯಾಗಿ ಹೊರಟು ಅಗಲ ಆಗ್ತಾ ಹೋಗೋ ಬಿರುಕು ಇದ್ರೆ ಬಣ್ಣ ಹೊಡೆಯೋಕೆ ಮುಂಚೆ ಎಂಜಿನಿಯರ್‌ಗೆ ತೋರಿಸಿ. ಬಿರುಕಿನ ತುದಿಯಲ್ಲಿ ಪೆನ್ಸಿಲ್ ಗೆರೆ ಹಾಕಿ ತಾರೀಖು ಬರೆದಿಡಿ, ಬೆಳೀತಿದೆಯಾ ನಿಂತಿದೆಯಾ ಗೊತ್ತಾಗುತ್ತೆ.

ಬಾಗಿಲು ಮುಚ್ಚಲ್ಲ ಅಂದ್ರಲ್ಲ, ಹೆರೆಸೋಕೆ ಮೊದಲು ಹಿಂಜಿನ ಸ್ಕ್ರೂ ನೋಡಿ. ಸಡಿಲ ಆಗಿ ಬಾಗಿಲು ಜಗ್ಗಿರಬಹುದು. ಉದ್ದದ ಸ್ಕ್ರೂ ಹಾಕಿದ್ರೆ ಎದ್ದು ನಿಲ್ಲುತ್ತೆ.

ಅರ್ಥಮೀಮಾಂಸೆ
ರೇಟಿನ ಬಗ್ಗೆ ಒಂದು ಮಾತು, ಮನೆಯವರೆಲ್ಲ ಕೂತು ಮಾತಾಡೋ ಮುಂಚೆ ಇದನ್ನ ಓದಲಿ. ಕಾನೆಮನ್, ನೆಟ್ಷ್, ಥೇಲರ್ ಎಂಬ ಮೂವರು 1990ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. ಕೆಲವು ವಿದ್ಯಾರ್ಥಿಗಳಿಗೆ ಕಾಫಿ ಮಗ್ ಕೊಟ್ಟು, ಎಷ್ಟಕ್ಕೆ ಮಾರ್ತೀರಿ ಅಂತ ಕೇಳಿದ್ರು. ಮಗ್ ಸಿಗದವರಿಗೆ ಎಷ್ಟು ಕೊಟ್ಟು ತಗೋತೀರಿ ಅಂದ್ರು. ಕೈಗೆ ಬಂದು ಸ್ವಲ್ಪ ಹೊತ್ತಾಗಿದ್ದ ಮಗ್ಗಿಗೇ ಮಾರುವವರು ಕೊಳ್ಳುವವರ ಸುಮಾರು ಎರಡರಷ್ಟು ಬೆಲೆ ಹೇಳಿದ್ರು. ಇನ್ನು ಹುಟ್ಟಿ ಬೆಳೆದ ಮನೆಗೆ? ಅಕ್ಕ ಹೇಳೋ ರೇಟು ದುರಾಸೆ ಅಲ್ಲ, ಮನುಷ್ಯ ಸ್ವಭಾವ. ಜಗಳ ಮಾಡದೇ, ಅಕ್ಕಪಕ್ಕದಲ್ಲಿ ಇಂಥದ್ದೇ ಮನೆಗಳು ಇತ್ತೀಚೆಗೆ ನಿಜವಾಗಿ ಎಷ್ಟಕ್ಕೆ ಹೋಗಿವೆ ಅಂತ ತಿಳ್ಕೊಂಡು ಮುಂದಿಡಿ. ಜಾಹೀರಾತಿನಲ್ಲಿ ಕೇಳಿದ ರೇಟು ಬೇಡ, ಕೈಬದಲಾದ ರೇಟು ಬೇಕು.

ಗೋಡೆಗಡಿಯಾರ
ಹಾಗಾದ್ರೆ ರೇಟು ಬ್ರೋಕರ್ ಕೈಲೇ ಹೇಳಿಸಬಹುದಲ್ಲ, ಅವರಿಗೆ ಮನೆ ಮೇಲೆ ಮೋಹ ಇರಲ್ಲ.

ಅರ್ಥಮೀಮಾಂಸೆ
ಅವರೂ ಪ್ರಭಾವಕ್ಕೆ ಸಿಗ್ತಾರೆ. ನಾರ್ತ್‌ಕ್ರಾಫ್ಟ್ ಮತ್ತು ನೀಲ್ 1987ರಲ್ಲಿ ಮಾಡಿದ ಅಧ್ಯಯನದಲ್ಲಿ ಒಂದೇ ಮನೆಯನ್ನ ಬೇರೆ ಬೇರೆ ಏಜೆಂಟರಿಗೆ ಬೇರೆ ಬೇರೆ ಜಾಹೀರಾತು ಬೆಲೆ ಹೇಳಿ ತೋರಿಸಿದ್ರು. ಹೆಚ್ಚು ಬೆಲೆ ಕಂಡವರು ಹೆಚ್ಚು ಬೆಲೆ ಕಟ್ಟಿದ್ರು, ಕಮ್ಮಿ ಕಂಡವರು ಕಮ್ಮಿ. ಹಾಗಾಗಿ ಇಬ್ಬರು ಮೂವರನ್ನ ಕೇಳಿ, ನಿಮ್ಮ ಮನಸ್ಸಿನ ರೇಟು ಮೊದಲೇ ಬಾಯಿಬಿಡಬೇಡಿ.

ಹಿತ್ತಲಗಿಡ
ಕಾಗದಪತ್ರನೂ ಈಗ ತಗದ ಇಡ್ರಿ. ಮೂಲ ಪತ್ರ, ನಕ್ಷೆ, ತೆರಿಗೆ ರಸೀದಿ, ನೀರು ಕರೆಂಟು ಬಿಲ್ಲು, ಸಾಲ ತೀರಿದ್ರ ಅದರ ಪತ್ರ. ಪಾರ್ಟಿ ಒಪ್ಪಿದ ಮ್ಯಾಲೆ ಹುಡುಕಾಕ ಕುಂತ್ರ, ಅವ್ರ ಮನಸ್ಸು ತಿರುಗಾಕ ಟೈಮ್ ಕೊಟ್ಟಂಗ ಆಕ್ಕೈತಿ.

ಮಹಡಿಮನೆ
ಎಲ್ಲರಿಗೂ ಋಣಿ. ಪೈಪಿನ ಬುಡ ನೋಡಿಸಿದೆ, ಜಾಯಿಂಟ್ ಬಿಟ್ಟಿದೆ, ನೀರೆಲ್ಲಾ ಗೋಡೆಗೇ ಇಳೀತಿತ್ತು. ಪ್ಲಂಬರ್ ನಾಳೆ ಬರ್ತಾರೆ. ಗೋಡೆ ಕೆತ್ತಿಸಿ ಹಾಗೇ ತೋರಿಸೋದಕ್ಕೆ ತಮ್ಮ ಒಪ್ಪಿದ. ಅಕ್ಕ ಅಡುಗೆಮನೆ ಆಸೆ ಇನ್ನೂ ಬಿಟ್ಟಿಲ್ಲ, ಅವಳ ಜೊತೆ ಇನ್ನೊಂದು ಸಲ ಕೂತು ಮಾತಾಡ್ಬೇಕು. ಕೊನೇದಾಗಿ ಒಂದು, ಫ್ಯಾನು, ಗೀಸರು, ಪರದೆ ಕಂಬಿ ಎಲ್ಲಾ ಮನೆ ಜೊತೆ ಬಿಡಬೇಕಾ?

ಕೀಲಿಕೈ
ಬಿಡೋದು ತಗೊಂಡು ಹೋಗೋದು ನಿಮ್ಮಿಷ್ಟ, ಆದರೆ ಮೊದಲೇ ಪಟ್ಟಿ ಬರೆದು ಒಪ್ಪಂದದ ಜೊತೆ ಸೇರಿಸಿ. ಅಮ್ಮನಿಗೆ ಬೇಕಾದ ದೀಪವೋ ಕನ್ನಡಿಯೋ ಇದ್ರೆ ಮನೆ ತೋರಿಸೋಕೆ ಶುರು ಮಾಡೋ ಮುಂಚೆಯೇ ಬಿಚ್ಚಿ, ಆ ಜಾಗಕ್ಕೆ ಬೇರೆ ಹಾಕಿಬಿಡಿ. ನೋಡದೇ ಇದ್ದದ್ದನ್ನ ಯಾರೂ ಕೇಳಲ್ಲ.

ನಲ್ಲಿನೀರು
ಗೀಸರ್ ಬಿಚ್ಚೋದಾದ್ರೆ ಪೈಪಿನ ಬಾಯಿಗೆ ಡಮ್ಮಿ, ಅಂದ್ರೆ ಮುಚ್ಚಳ, ಹಾಕಿಸೋದು ಮರೀಬೇಡಿ.